ಕ್ರೈಸ್ತ ಧರ್ಮಗ್ರಂಥದಲ್ಲಿ ದೇವರ ನೇರ ನುಡಿ ಮತ್ತು ಅದನ್ನು ಕೇಳಿದವರು

ಕ್ರೈಸ್ತರ ಧರ್ಮಗ್ರಂಥವಾದ ಬೈಬಲ್, ಅಂದರೆ ಕನ್ನಡ ಕ್ರೈಸ್ತರು ಸತ್ಯವೇದವೆಂದು ಕರೆಯುತ್ತ ಬಂದಿರುವ ಗ್ರಂಥ, ದೇವರು ಮಾತನಾಡುತ್ತಾನೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಅದರ ಮೊದಲ ಅಧ್ಯಾಯದಲ್ಲಿ ಬೆಳಕು ಉಂಟಾಗುವುದು ನುಡಿಯಿಂದ; ಅಬ್ರಹಾಮನು ತಂದೆಯ ಮನೆಯನ್ನು ತೊರೆದು ಹೊರಡುವುದು, ಮೋಶೆಯು ಮಾವನ ಕುರಿಹಿಂಡನ್ನು ಬಿಟ್ಟು ಈಜಿಪ್ಟಿಗೆ ಮರಳುವುದು, ತೆಕೋವ ಎಂಬ ಊರಿನ ಕುರುಬನಾದ ಆಮೋಸನು ನೆರೆರಾಜ್ಯದ ದೇವಸ್ಥಾನದಲ್ಲಿ ನಿಂತು ಅಲ್ಲಿನ ಅರಸುಮನೆತನಕ್ಕೆ ಕೇಡು ನುಡಿಯುವುದು, ಎಲ್ಲವೂ ಕೇಳಿದ ಮಾತಿನ ಬಲದಿಂದ. ಹಾಗಿದ್ದೂ ಈ ಗ್ರಂಥದಲ್ಲಿ ಕೇಳುವವನ ಪಾಡು ಸುಲಭದ್ದಾಗಿ ಕಾಣುವುದಿಲ್ಲ: ಕೇಳಿದ್ದು ಯಾರ ದನಿ ಎಂದು ಕೆಲವರಿಗೆ ತಿಳಿಯುವುದಿಲ್ಲ, ತಿಳಿದವರು ಒಲ್ಲೆನೆನ್ನುತ್ತಾರೆ, ಒಪ್ಪಿದವರ ಮಾತನ್ನು ಊರು ನಂಬುವುದಿಲ್ಲ, ಮತ್ತು ಏನನ್ನೂ ಕೇಳದವರು ಕೇಳಿದ್ದೇವೆಂದು ಸಾರುತ್ತ ಅರಮನೆಯ ಅನ್ನ ಉಣ್ಣುತ್ತಾರೆ. ಈ ಉಪನ್ಯಾಸವು ಮುಂದಿಡುವ ವಾದವೆಂದರೆ, ಬೈಬಲ್ಲಿನಲ್ಲಿ ದೇವರ ನೇರ ನುಡಿಯು ಒಬ್ಬನ ಕಿವಿಗೆ ಬಿದ್ದರೂ ಆ ಒಬ್ಬನ ಸ್ವತ್ತಾಗುವುದಿಲ್ಲ, ಅದು ಬಹುಮಟ್ಟಿಗೆ ಮತ್ತೊಬ್ಬರ ಸಲುವಾಗಿ ಬರುತ್ತದೆ, ಮತ್ತು ಅದನ್ನು ಗುರುತಿಸುವುದಕ್ಕೂ ಪೂರ್ತಿಗೊಳಿಸುವುದಕ್ಕೂ ಎರಡನೆಯ ಮನುಷ್ಯನೊಬ್ಬನು ಬೇಕಾಗುತ್ತಾನೆ ಎಂಬುದು.

ನೇರ ನುಡಿ ಎಂಬ ಮಾತಿನ ಎಲ್ಲೆಯನ್ನು ಮೊದಲೇ ಗುರುತಿಸಿಕೊಳ್ಳುವುದು ಒಳ್ಳೆಯದು. ಯಾಜಕರು ಊರೀಮ್ ಮತ್ತು ತುಮ್ಮೀಮ್ ಎಂಬ ಪವಿತ್ರ ಸಾಧನಗಳಿಂದ ದೇವರ ಚಿತ್ತವನ್ನು ವಿಚಾರಿಸುವುದು, ಕನಸಿನ ಅರ್ಥ ಬಿಡಿಸುವುದು ಮುಂತಾದ ಬಗೆಗಳು ಗ್ರಂಥದಲ್ಲಿ ಉಂಟಾದರೂ ಅವು ಇಲ್ಲಿ ಚರ್ಚೆಗೆ ಬರುವುದಿಲ್ಲ. ದೇವರು ಹೆಸರು ಹಿಡಿದು ಕರೆದೋ ಎದುರಿನವನೆಂದು ಭಾವಿಸಿಯೋ ಮನುಷ್ಯನಿಗೆ ಹೇಳುವ ಮಾತು ಮಾತ್ರ ಇಲ್ಲಿನ ವಿಷಯ. ಹಳೆಯ ಕಥನಗಳಲ್ಲಿ 'ಯೆಹೋವನ ದೂತ'ನೆಂಬುವನು ಮಾತು ಆರಂಭಿಸಿ, ನಡುವೆ ಯಾವ ಸೂಚನೆಯೂ ಇಲ್ಲದೆ ದೇವರೇ ಮಾತನಾಡತೊಡಗುವುದುಂಟಾದ್ದರಿಂದ, ಅಂಥ ಪ್ರಸಂಗಗಳನ್ನೂ ಈ ಎಲ್ಲೆಯೊಳಗೇ ಇಟ್ಟುಕೊಳ್ಳಬೇಕಾಗುತ್ತದೆ. ದೇಹವಿಲ್ಲದ ದೇವರಿಗೆ ನಾಲಗೆಯೆಲ್ಲಿಯದು ಎಂಬ ಪ್ರಶ್ನೆಯೂ ಹಳೆಯದೇ. 16ನೆಯ ಶತಮಾನದ ಸುಧಾರಕ ಕ್ಯಾಲ್ವಿನ್ನನು, ದಾದಿಯು ಕೂಸಿನೊಡನೆ ತೊದಲುವಂತೆ ದೇವರು ಮನುಷ್ಯರ ಅಳವಿಗೆ ತನ್ನನ್ನು ಇಳಿಸಿಕೊಂಡು ಮಾತನಾಡುತ್ತಾನೆ ಎಂದು ಇದಕ್ಕೆ ಉತ್ತರ ಕೊಟ್ಟನು. ಅಮೆರಿಕದ ತತ್ತ್ವಶಾಸ್ತ್ರಜ್ಞ ನಿಕೊಲಸ್ ವೋಲ್ಟರ್ಸ್ಟಾರ್ಫ್ 1995ರ ತಮ್ಮ ಗ್ರಂಥದಲ್ಲಿ ಬೇರೊಂದು ದಾರಿ ಹಿಡಿದರು. ಮಾತೆಂದರೆ ಸುದ್ದಿಯನ್ನು ತಿಳಿಸುವುದಷ್ಟೇ ಆಗಿರದೆ ಆಣೆಯಿಡುವ, ಅಪ್ಪಣೆ ಕೊಡುವ, ಹೊಣೆ ಹೊರುವ ಕೆಲಸವೂ ಹೌದು ಎಂಬ ವಾಕ್‌ಕ್ರಿಯೆಯ ಸಿದ್ಧಾಂತವನ್ನು, ಅಂದರೆ ನುಡಿಯುವುದೇ ಒಂದು ಕ್ರಿಯೆಯೆಂದು ಆಕ್ಸ್‌ಫರ್ಡಿನ ಆಸ್ಟಿನ್ ಬೆಳೆಸಿದ ವಿಚಾರವನ್ನು ಅವರು ದೇವರ ನುಡಿಗೂ ಅನ್ವಯಿಸಿದರು. ಬೈಬಲ್ಲಿನ ದೇವರು ತನ್ನ ಸ್ವರೂಪವನ್ನು ವಿವರಿಸಲು ತೊಡಗುವುದು ತೀರ ವಿರಳ. ಅವನು ಮಾತು ಕೊಡುತ್ತಾನೆ, ಅಪ್ಪಣೆ ಮಾಡುತ್ತಾನೆ, ಆಪಾದಿಸುತ್ತಾನೆ, ಎಲ್ಲಕ್ಕೂ ಹೆಚ್ಚಾಗಿ ಪ್ರಶ್ನೆ ಕೇಳುತ್ತಾನೆ.

ಪ್ರಶ್ನೆಗಳ ಸಾಲು ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ ಆರಂಭದಲ್ಲೇ ಇದೆ. ತೋಟದಲ್ಲಿ ಮರೆಯಾದ ಆದಾಮನಿಗೆ ಅವನು ಎಲ್ಲಿದ್ದಾನೆಂಬ ಪ್ರಶ್ನೆ, ತಮ್ಮನನ್ನು ಕೊಂದ ಕಾಯಿನನಿಗೆ ಆ ತಮ್ಮ ಎಲ್ಲಿದ್ದಾನೆಂಬ ಪ್ರಶ್ನೆ. ಎರಡೂ ಗೊತ್ತಿಲ್ಲದವನು ಕೇಳುವ ಪ್ರಶ್ನೆಗಳಾಗಿರದೆ ಕೇಳಿಸಿಕೊಂಡವನ ಬಾಯಿಂದ ಉತ್ತರ ಬರಲೆಂದು ಕೇಳಿದವು. ನಮ್ಮ ಪುರಾಣಕಥನಗಳ ಅಶರೀರವಾಣಿಯನ್ನು ಬಲ್ಲ ಕನ್ನಡದ ಓದುಗರಿಗೆ ಈ ವ್ಯತ್ಯಾಸ ಬೇಗ ಹೊಳೆಯುತ್ತದೆ. ಕಂಸನು ತಂಗಿಯ ರಥ ನಡೆಸುತ್ತಿರುವಾಗ ಕೇಳಿಬರುವ ಆ ವಾಣಿಯು ಮುಂದಾಗುವುದನ್ನು ಸಾರಿ ಸುಮ್ಮನಾಗುತ್ತದೆ, ಅದರೊಡನೆ ಚರ್ಚೆಗೆ ಆಸ್ಪದವಿರುವುದಿಲ್ಲ; ಆದಿಕಾಂಡದ ನುಡಿಯಾದರೋ ಕೇಳಿದವನ ಉತ್ತರಕ್ಕಾಗಿ ತಡೆದು ನಿಲ್ಲುತ್ತದೆ. ಸೊದೋಮ್ ಪಟ್ಟಣದ ನಾಶವನ್ನು ಮುಂದಾಗಿ ತಿಳಿದ ಅಬ್ರಹಾಮನು, ಐವತ್ತು ಮಂದಿ ನೀತಿವಂತರಿದ್ದರೆ ಊರನ್ನು ಉಳಿಸಬಾರದೇ ಎಂದು ಮೊದಲಿಟ್ಟು, ನಲವತ್ತೈದು, ನಲವತ್ತು, ಮೂವತ್ತು, ಇಪ್ಪತ್ತು ಎಂದು ಇಳಿಸುತ್ತ ಹತ್ತರವರೆಗೆ ಬೇಡುತ್ತಾನೆ, ಮತ್ತು ಆರು ಸಲವೂ ದೇವರು ಒಪ್ಪುತ್ತಾನೆ. ಇಲ್ಲಿ ಬೇಡುವವನು ತನಗಾಗಿ ಏನನ್ನೂ ಬೇಡಲಿಲ್ಲವೆಂಬುದು ಮುಖ್ಯ. ದೇವರು ಅವನೊಡನೆ ಮಾತಿಗೆ ತೊಡಗಿದ್ದೇ ಪರರ ಊರೊಂದರ ವಿಷಯವಾಗಿ.

ಅದೇ ಗ್ರಂಥದ 16ನೆಯ ಅಧ್ಯಾಯದಲ್ಲಿ ಬರುವ ಹಾಗರಳ ಪ್ರಸಂಗವು ಇನ್ನೂ ಹೆಚ್ಚಿನ ಗಮನಕ್ಕೆ ಅರ್ಹವಾದುದು. ಹಾಗರಳು ಈಜಿಪ್ಟಿನವಳು, ಅಬ್ರಹಾಮನ ಹೆಂಡತಿಯ ದಾಸಿ, ಬಸುರಿ, ಒಡತಿಯ ಹಿಂಸೆ ತಾಳಲಾರದೆ ಅರಣ್ಯಕ್ಕೆ ಓಡಿಹೋದವಳು. ಅವಳನ್ನು ಇಟ್ಟುಕೊಂಡಿದ್ದ ಮನೆಯವರಿಬ್ಬರೂ ತಮ್ಮ ಮಾತಿನಲ್ಲಿ ಅವಳನ್ನು ದಾಸಿಯೆಂದೇ ಸೂಚಿಸುತ್ತಾರೆ, ಒಮ್ಮೆಯೂ ಹೆಸರು ಹೇಳುವುದಿಲ್ಲ. ಹೆಸರು ಹಿಡಿದು ಮೊದಲು ಕರೆಯುವುದು ಒರತೆಯ ಬಳಿ ಕಾಣಿಸಿಕೊಂಡ ಯೆಹೋವನ ದೂತನು, ಅದೂ ಎಲ್ಲಿಂದ ಬಂದೆ, ಎಲ್ಲಿಗೆ ಹೊರಟಿರುವೆ ಎಂಬ ವಿಚಾರಣೆಯೊಂದಿಗೆ. ತನ್ನೊಡನೆ ಮಾತನಾಡಿದ ದೇವರಿಗೆ ಅವಳು ತಾನೇ ಒಂದು ಹೆಸರಿಡುತ್ತಾಳೆ, ತನ್ನನ್ನು ಕಂಡ ದೇವರೆಂದು. ದೇವರಿಗೆ ಹೀಗೆ ಹೆಸರು ಕೊಡುವ ಧೈರ್ಯವನ್ನು ಆದಿಕಾಂಡವು ಕುಲಪಿತೃಗಳಿಗೂ ಮುಂಚೆ ಒಬ್ಬ ಪರದೇಶದ ದಾಸಿಗೆ ಕೊಟ್ಟಿದೆ. ಆದರೆ ಅದೇ ದೂತನು ಅವಳನ್ನು ಹಿಂಸಿಸಿದ ಒಡತಿಯ ಕೈಗೇ ಮರಳಿ ಕಳುಹಿಸುತ್ತಾನೆ ಎಂಬ ಕಠಿಣ ಸಂಗತಿಯನ್ನು ಭಕ್ತಿಯ ಓದು ಮುಚ್ಚಿಡಬಾರದು. ಬೈಬಲ್ ವಿದ್ವಾಂಸೆ ಫಿಲಿಸ್ ಟ್ರಿಬಲ್ 1984ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಕಥೆಯನ್ನು ಬೈಬಲ್ಲಿನ ಭಯಾನಕ ಪಾಠಗಳ ಸಾಲಿಗೆ ಸೇರಿಸಿದ್ದು ಈ ಕಾರಣದಿಂದಲೇ.

ಮೇಲಿನ ವಾದಕ್ಕೆ ಎಲ್ಲಕ್ಕಿಂತ ದೊಡ್ಡ ಅಡ್ಡಿಯಾಗಿ ನಿಲ್ಲುವುದು ಆದಿಕಾಂಡದ 22ನೆಯ ಅಧ್ಯಾಯ. ಮಗನಾದ ಇಸಾಕನನ್ನು ಬೆಟ್ಟವೊಂದರ ಮೇಲೆ ಬಲಿಕೊಡಬೇಕೆಂಬ ಅಪ್ಪಣೆಯನ್ನು ಕೇಳಿದ ಅಬ್ರಹಾಮನು, ಸೊದೋಮಿನ ಪರವಾಗಿ ಅಷ್ಟೊಂದು ವಾದಿಸಿದವನು, ಇಲ್ಲಿ ಒಂದು ಮಾತನ್ನೂ ಎದುರಾಡುವುದಿಲ್ಲ. ಹೆಂಡತಿಗೆ ಹೇಳಿದನೆಂದು ಗ್ರಂಥ ತಿಳಿಸುವುದಿಲ್ಲ, ಜೊತೆಗೆ ಬಂದ ಆಳುಗಳಿಗೆ ಬೇರೇನೋ ಹೇಳುತ್ತಾನೆ, ಮಗನ ಪ್ರಶ್ನೆಗೆ ಸೂಕ್ಷ್ಮವಾಗಿ ಜಾರಿಕೊಳ್ಳುತ್ತಾನೆ. ಯಾರೊಡನೆಯೂ ಹಂಚಿಕೊಳ್ಳದ, ಯಾರಿಂದಲೂ ಒರೆಗೆ ಹಚ್ಚಿಸದ ನುಡಿ ಇದು. ಕೊಲ್ಲಬಾರದೆಂಬುದು ಮನುಷ್ಯನಿಗೆ ಖಚಿತವಾಗಿ ತಿಳಿದಿರುವಾಗ ಕೇಳಿಬಂದ ದನಿಯು ದೇವರದೆಂಬುದು ಎಂದಿಗೂ ಅಷ್ಟು ಖಚಿತವಾಗಲಾರದು ಎಂದು ತತ್ತ್ವಶಾಸ್ತ್ರಜ್ಞ ಕಾಂಟನು 1798ರಲ್ಲಿ ಈ ಕಥೆಯ ಮೇಲೆ ತೀರ್ಪು ಕೊಟ್ಟನು. ಮತ್ತೊಬ್ಬ ತತ್ತ್ವಶಾಸ್ತ್ರಜ್ಞ ಕೀರ್ಕೆಗಾರ್ಡನು 1843ರಲ್ಲಿ ಅಬ್ರಹಾಮನ ಆ ಮೌನವನ್ನೇ ಹಿಡಿದು, ನಂಬಿಕೆಯು ಲೋಕದ ನೀತಿಗೆ ವಿವರಿಸಿ ಹೇಳಲಾಗದ ಒಂಟಿತನವೆಂದು ಇಡೀ ಪುಸ್ತಕವನ್ನು ಬರೆದನು. ಇಬ್ಬರ ವಾದಗಳೂ ಗಟ್ಟಿಯಾದವು. ಕಥನವು ತಾನಾಗಿಯೇ ಕೊಡುವ ಎರಡು ಸುಳಿವುಗಳನ್ನು ಮಾತ್ರ ಇಲ್ಲಿ ಎತ್ತಿ ಹೇಳಬಹುದು: ಕತ್ತಿಯನ್ನು ತಡೆಯುವ ಎರಡನೆಯ ದನಿಯು ಮೊದಲನೆಯದನ್ನು ಮೀರುತ್ತದೆ; ಮತ್ತು ಆ ಬೆಟ್ಟದಿಂದ ಇಳಿದ ಮೇಲೆ ಅಬ್ರಹಾಮನು ಸಾಯುವವರೆಗೆ ದೇವರು ಅವನೊಡನೆ ಮತ್ತೆ ಮಾತನಾಡಿದ ಒಂದು ಪ್ರಸಂಗವೂ ದಾಖಲಾಗಿಲ್ಲ.

ಮೋಶೆಯ ಕರೆಯಲ್ಲಿ ಎರಡನೆಯ ಮನುಷ್ಯನ ಸ್ಥಾನವು ಸ್ಪಷ್ಟವಾಗಿ ಗೋಚರಿಸುತ್ತದೆ. ಉರಿಯುತ್ತಿದ್ದರೂ ಸುಟ್ಟುಹೋಗದ ಪೊದೆಯೊಳಗಿಂದ ಬಂದ ನುಡಿಯು ದಾಸತ್ವದಲ್ಲಿದ್ದ ಜನರ ಗೋಳನ್ನು ಕೇಳಿದ್ದೇನೆಂದು ಹೇಳಿಯೇ ಅವನನ್ನು ಕಳುಹಿಸುತ್ತದೆ, ಅಂದರೆ ದೇವರು ಮಾತನಾಡುವ ಮೊದಲು ಕೇಳಿಸಿಕೊಂಡಿದ್ದಾನೆ. ಮೋಶೆಯು ಒಂದರ ಮೇಲೊಂದು ನೆಪ ಹೂಡಿ ಕೊನೆಗೆ ಬೇರೆ ಯಾರನ್ನಾದರೂ ಕಳುಹಿಸಬೇಕೆಂದು ಬೇಡಿದಾಗ, ಅಣ್ಣನಾದ ಆರೋನನು ಅವನಿಗೆ ಬಾಯಾಗಿ ನೇಮಕವಾಗುತ್ತಾನೆ. ಮುಂದೆ ಸೀನಾಯಿ ಬೆಟ್ಟದಲ್ಲಿ ದೇವರು ಇಡೀ ಜನಸಮೂಹಕ್ಕೆ ಕೇಳಿಸುವಂತೆ ದಶಾಜ್ಞೆಗಳನ್ನು ನುಡಿದಾಗ, ಜನರು ನಡುಗಿ ದೂರ ನಿಂತು, ಇನ್ನು ಮೇಲೆ ಮೋಶೆಯೇ ಕೇಳಿಕೊಂಡು ತಮಗೆ ತಿಳಿಸಲಿ, ದೇವರು ನೇರವಾಗಿ ಮಾತನಾಡುವುದು ಬೇಡವೆಂದು ಮೊರೆಯಿಡುತ್ತಾರೆ. ಧರ್ಮೋಪದೇಶಕಾಂಡವು ಈ ಬೇಡಿಕೆಯನ್ನು ದೇವರು ಮೆಚ್ಚಿದನೆಂದು ಹೇಳುತ್ತದೆ. ಹೀಗಾಗಿ ಪ್ರವಾದಿ, ಅಂದರೆ ದೇವರಿಂದ ಕೇಳಿ ಜನರಿಗೆ ಹೇಳುವವನು, ಜನರ ಕೋರಿಕೆಯಿಂದ ಹುಟ್ಟಿದ ಹುದ್ದೆಯನ್ನು ವಹಿಸಿಕೊಂಡವನೆಂದು ಆ ಗ್ರಂಥದ ತಿಳುವಳಿಕೆ.

ಸಮುವೇಲನ ಮೊದಲ ಪುಸ್ತಕದ 3ನೆಯ ಅಧ್ಯಾಯವು ಈ ಇಡೀ ವಿಚಾರದ ತಿರುಳನ್ನು ಒಂದು ರಾತ್ರಿಯ ಘಟನೆಯಲ್ಲಿ ಅಡಗಿಸಿಟ್ಟಿದೆ. ಶೀಲೋ ಎಂಬಲ್ಲಿದ್ದ ದೇವಸ್ಥಾನದಲ್ಲಿ ಕಣ್ಣು ಮಂಜಾದ ಮುದಿಯಾಜಕ ಏಲಿ, ಅವನ ಕೈಕೆಳಗೆ ಸೇವೆ ಮಾಡುವ ಹುಡುಗ ಸಮುವೇಲ. ಆ ಕಾಲದಲ್ಲಿ ದೇವರ ನುಡಿ ಅಪರೂಪವಾಗಿತ್ತೆಂದು ಕಥನಕಾರನು ಮೊದಲೇ ತಿಳಿಸುತ್ತಾನೆ. ರಾತ್ರಿ ತನ್ನ ಹೆಸರನ್ನು ಕೇಳಿದ ಹುಡುಗನು ಏಲಿಯೇ ಕರೆದನೆಂದು ಭಾವಿಸಿ ಅವನ ಬಳಿಗೆ ಓಡುತ್ತಾನೆ, ಕರೆಯಲಿಲ್ಲವೆಂದು ಮುದುಕನು ಹಿಂದಕ್ಕೆ ಕಳುಹಿಸುತ್ತಾನೆ, ಹೀಗೆ ಮೂರು ಸಲ ನಡೆಯುತ್ತದೆ. ದೇವರ ದನಿಯು ಮನುಷ್ಯನ ದನಿಗಿಂತ ಬೇರೆಯಾಗಿ ಆ ಹುಡುಗನಿಗೆ ಕೇಳಿಸಲಿಲ್ಲವೆಂಬುದನ್ನು ಗಮನಿಸಬೇಕು. ಅದು ದಿನವೂ ಕೇಳಿ ಪರಿಚಯವಾದ ಹಿರಿಯನ ದನಿಯಂತೆಯೇ ಇತ್ತು. ಕರೆಯುತ್ತಿರುವವನು ದೇವರೆಂದು ಅರಿತದ್ದು ಏನನ್ನೂ ಕೇಳದಿದ್ದ ಏಲಿ, ಮತ್ತು ಮುಂದಿನ ಸಲ ಹೇಗೆ ಉತ್ತರ ಕೊಡಬೇಕೆಂದು ಕಲಿಸಿದ್ದೂ ಅವನೇ. ಆಮೇಲೆ ಬಂದ ಸಂದೇಶವು ಏಲಿಯ ಮನೆತನಕ್ಕೇ ವಿರುದ್ಧವಾಗಿತ್ತು: ಕಾಣಿಕೆಗಳನ್ನು ಕಬಳಿಸುತ್ತಿದ್ದ ಅವನ ಮಕ್ಕಳಾದ ಹೊಫ್ನಿ ಮತ್ತು ಫೀನೆಹಾಸರ ದುರಾಚಾರವನ್ನು ತಂದೆ ತಡೆಯಲಿಲ್ಲವಾದ್ದರಿಂದ ಆ ಮನೆ ಅಳಿಯುವುದು. ಬೆಳಗಾದ ಮೇಲೆ ಹುಡುಗನು ಹೇಳಲು ಅಂಜಿದಾಗ, ಒಂದನ್ನೂ ಮರೆಮಾಚದೆ ಹೇಳೆಂದು ಏಲಿಯೇ ಒತ್ತಾಯಪಡಿಸಿ, ತನ್ನ ಮನೆಯ ನಾಶದ ಸುದ್ದಿಯನ್ನು ದೇವರ ಇಷ್ಟವೆಂದು ಸ್ವೀಕರಿಸುತ್ತಾನೆ. ಏಲಿಯನ್ನು ಕೈಲಾಗದ ತಂದೆಯೆಂದು ಖಂಡಿಸುವ ಉಪದೇಶಗಳು ಚರ್ಚುಗಳಲ್ಲಿ ಬಹಳ ನಡೆದಿವೆ, ಅದು ನಿಜವೂ ಹೌದು. ಆದರೆ ತನಗೆ ಕೇಳಿಸದ, ತನ್ನನ್ನೇ ಶಿಕ್ಷಿಸುವ ನುಡಿಯನ್ನು ಇನ್ನೊಬ್ಬನಲ್ಲಿ ಗುರುತಿಸಿ ಅವನನ್ನು ಅದಕ್ಕೆ ಸಿದ್ಧಗೊಳಿಸಿದ ಈ ಮುದುಕನ ದೊಡ್ಡತನಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ. ಅವನಿಲ್ಲದಿದ್ದರೆ ಸಮುವೇಲನು ನಾಲ್ಕನೆಯ ಸಲವೂ ಅವನ ಬಳಿಗೇ ಓಡುತ್ತಿದ್ದನು.

ಕೇಳಿದ್ದನ್ನು ಒರೆಗೆ ಹಚ್ಚುವ ರೂಢಿಯು ಇಸ್ರಾಯೇಲಿಗೆ ಮಾತ್ರ ಸೇರಿದ್ದಲ್ಲ. ಯೂಫ್ರೆಟಿಸ್ ನದಿಯ ದಂಡೆಯ ಮಾರಿ ಎಂಬ ಪ್ರಾಚೀನ ನಗರದಲ್ಲಿ 1933ರಿಂದ ನಡೆದ ಉತ್ಖನನಗಳಲ್ಲಿ ದೊರೆತ ಕ್ರಿ.ಪೂ. 18ನೆಯ ಶತಮಾನದ ಮಣ್ಣಿನ ಪತ್ರಗಳಲ್ಲಿ, ದೇವತೆಯ ಸಂದೇಶ ನುಡಿದವರ ಕೂದಲಿನ ಎಳೆಯನ್ನೂ ಉಡುಪಿನ ಅಂಚನ್ನೂ ಅರಸನಿಗೆ ಕಳುಹಿಸಿ, ಬಲಿಪಶುವಿನ ಕರುಳು ಪಿತ್ತಕೋಶಗಳ ಶಕುನ ನೋಡಿ ಸಂದೇಶದ ನಿಜವನ್ನು ಪರೀಕ್ಷಿಸುತ್ತಿದ್ದ ವಿವರಗಳಿವೆ. ಧರ್ಮೋಪದೇಶಕಾಂಡವು ಶಕುನಗಳನ್ನು ನಿಷೇಧಿಸಿ ಬೇರೆ ಒರೆಗಳನ್ನು ಮುಂದಿಡುತ್ತದೆ: ನುಡಿದದ್ದು ನಡೆಯದಿದ್ದರೆ ಅದು ದೇವರ ಮಾತಲ್ಲ, ನಡೆದರೂ ಅದು ಜನರನ್ನು ಬೇರೆ ದೇವತೆಗಳ ಕಡೆಗೆ ಸೆಳೆಯುವುದಾದರೆ ಆಗಲೂ ಅಲ್ಲ. ಮೊದಲನೆಯ ಒರೆ ಕಾಲಕ್ಕೆ ಮಾತ್ರ ಸಿಕ್ಕುವಂಥದು, ಕೇಳಿದ ಹೊತ್ತಿನಲ್ಲಿ ಉಪಯೋಗಕ್ಕೆ ಬಾರದು. ಸಂಖ್ಯಾಬಲವೂ ಒರೆಯಾಗಲಾರದೆಂಬುದಕ್ಕೆ ಅರಸನಾದ ಅಹಾಬನ ಸಭೆಯೇ ಸಾಕ್ಷಿ. ಅಲ್ಲಿ ಸುಮಾರು ನಾನೂರು ಪ್ರವಾದಿಗಳು ಯುದ್ಧದಲ್ಲಿ ಗೆಲುವು ಖಂಡಿತವೆಂದು ಒಂದೇ ಬಾಯಿಂದ ಸಾರಿದಾಗ ಮೀಕಾಯೆಹು ಒಬ್ಬನೇ ಸೋಲು ನುಡಿದು ಸೆರೆಮನೆ ಸೇರಿದನು, ಮತ್ತು ಅಹಾಬನು ಆ ಯುದ್ಧದಲ್ಲಿಯೇ ಸತ್ತನು.

ಪ್ರವಾದಿ ಯೆರೆಮೀಯನ ಎರಡು ಪ್ರಸಂಗಗಳು ಕೇಳುವವನ ಪ್ರಾಮಾಣಿಕತೆ ಎಂಥದೆಂದು ತೋರಿಸುತ್ತವೆ. ಬಾಬಿಲೋನಿನ ನೊಗಕ್ಕೆ ಕೊರಳು ಕೊಡಬೇಕೆಂದು ಸಾರುತ್ತ ತಾನೇ ಮರದ ನೊಗ ಹೊತ್ತು ತಿರುಗುತ್ತಿದ್ದ ಅವನ ಎದುರಿಗೆ ಹನನ್ಯನೆಂಬ ಪ್ರವಾದಿ ಬಂದು, ಎರಡು ವರ್ಷದೊಳಗೆ ಬಿಡುಗಡೆಯೆಂದು ದೇವರ ಹೆಸರಿನಲ್ಲಿ ನುಡಿದು ಆ ನೊಗವನ್ನು ಮುರಿದುಹಾಕುತ್ತಾನೆ. ಯೆರೆಮೀಯನು ಹಾಗೆಯೇ ಆಗಲೆಂದು ಹಾರೈಸಿ, ಶಾಂತಿಯನ್ನು ನುಡಿಯುವವನ ಮಾತು ನಡೆದಾಗಲೇ ಅವನು ನಿಜವಾದ ಪ್ರವಾದಿಯೆಂದು ತಿಳಿಯುವುದೆಂದು ಹೇಳಿ, ಮರುನುಡಿ ಕಟ್ಟಿಕೊಳ್ಳದೆ ಹೊರಟುಹೋಗುತ್ತಾನೆ. ಉತ್ತರದ ನುಡಿ ಅವನಿಗೆ ಬರುವುದು ಆಮೇಲೆ. ಯೆರೂಸಲೇಮಿನ ಪತನದ ನಂತರ, ಅಳಿದುಳಿದ ಜನರು ಈಜಿಪ್ಟಿಗೆ ಓಡಿಹೋಗಬೇಕೇ ಬೇಡವೇ ಎಂದು ಅವನ ಮೂಲಕ ದೇವರನ್ನು ವಿಚಾರಿಸಿದಾಗಲೂ ಅವನು ಹತ್ತು ದಿನ ಸುಮ್ಮನಿದ್ದನು. ಭೀತಿಯಲ್ಲಿರುವ ಜನರ ನಡುವೆ ಹತ್ತು ದಿನ ಬಾಯಿ ಬಿಗಿಹಿಡಿದಿರುವುದು ಎಂಥ ಕಷ್ಟವೆಂಬುದನ್ನು ಊಹಿಸಬಹುದು. ತನ್ನ ಅಭಿಪ್ರಾಯವನ್ನು ದೇವರ ಅಭಿಪ್ರಾಯವೆಂದು ಹೇಳಿಬಿಡುವ ಆಸೆಯನ್ನು ತಡೆದವನು ಮಾತ್ರ ಇದನ್ನು ಮಾಡಬಲ್ಲನು. ಉತ್ತರ ಬಂದಾಗ ಅದು ತಮ್ಮ ಮನಸ್ಸಿಗೆ ಒಗ್ಗದ್ದರಿಂದ ಜನರು ಅವನನ್ನು ಸುಳ್ಳನೆಂದು ಕರೆದು ಈಜಿಪ್ಟಿಗೆ ಹೊರಟರು, ಅವನನ್ನೂ ಒಯ್ದರು.

ಪ್ರವಾದಿ ಎಲೀಯನ ಪ್ರಸಂಗವು ಬಹುಮಂದಿಗೆ ಪರಿಚಿತವಾದ್ದರಿಂದ ಅದರಲ್ಲಿ ಸಾಮಾನ್ಯವಾಗಿ ಕಣ್ತಪ್ಪುವ ಒಂದು ಸಂಗತಿಯನ್ನು ಮಾತ್ರ ಹೇಳಿದರೆ ಸಾಕು. ಹೋರೇಬ್ ಬೆಟ್ಟದಲ್ಲಿ ಗಾಳಿ, ಭೂಕಂಪ, ಬೆಂಕಿ ಯಾವುದರಲ್ಲೂ ಇರದ ದೇವರು ಅವುಗಳ ನಂತರದ ಸಣ್ಣ ಸದ್ದಿನಲ್ಲಿ ಸಮೀಪಿಸಿದನೆಂಬ ಭಾಗವನ್ನು ಎಲ್ಲರೂ ನೆನೆಯುತ್ತಾರೆ. ಆ ಸದ್ದಿನ ಮುಂಚೆಯೂ ಆಮೇಲೂ ದೇವರು ಕೇಳುವುದು ಒಂದೇ ಪ್ರಶ್ನೆ, ಎಲೀಯನು ಕೊಡುವುದೂ ಒಂದೇ ಉತ್ತರ: ತಾನೊಬ್ಬನೇ ಉಳಿದಿದ್ದೇನೆ ಎಂಬುದು. ಅಷ್ಟು ಸೂಕ್ಷ್ಮವಾದ ಸಾಕ್ಷಾತ್ಕಾರವೂ ಆ ದೂರನ್ನು ಕದಲಿಸಲಿಲ್ಲ. ದೇವರ ಮುಂದಿನ ಮಾತು ಅವನನ್ನು ಸಂತೈಸದೆ, ಅಭಿಷೇಕಿಸಬೇಕಾದ ಮೂವರ ಹೆಸರುಗಳನ್ನು ಕೊಟ್ಟು ಕೆಲಸಕ್ಕೆ ಕಳುಹಿಸುತ್ತದೆ, ಮತ್ತು ಬಾಳನೆಂಬ ದೇವತೆಗೆ ಮಣಿಯದವರು ಇಸ್ರಾಯೇಲಿನಲ್ಲಿ ಇನ್ನೂ 7,000 ಮಂದಿ ಇದ್ದಾರೆಂದು ತಿಳಿಸುತ್ತದೆ.

ಯೋಬನ ಪುಸ್ತಕದಲ್ಲಿ ಮನುಷ್ಯನ ಮಾತು ಅತಿ ಉದ್ದವಾಗಿ ಹರಿದ ಮೇಲೆ ದೇವರ ಮಾತು ಬರುತ್ತದೆ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ನೀತಿವಂತನು ದೇವರನ್ನು ನ್ಯಾಯಸ್ಥಾನಕ್ಕೆ ಎಳೆಯಲು ಬಯಸುತ್ತಾನೆ. ಕಷ್ಟ ಬಂದದ್ದು ಪಾಪದ ಫಲವೇ ಇರಬೇಕೆಂದು ಅವನ ಮೂವರು ಗೆಳೆಯರು ದೇವರ ಪರವಾಗಿ ವಕಾಲತ್ತು ವಹಿಸುತ್ತಾರೆ. 38ನೆಯ ಅಧ್ಯಾಯದಲ್ಲಿ ಬಿರುಗಾಳಿಯೊಳಗಿಂದ ದೇವರು ಉತ್ತರ ಕೊಡತೊಡಗಿದಾಗ ಬರುವುದು ಪ್ರಶ್ನೆಗಳ ಮಳೆ: ಭೂಮಿಯ ಅಸ್ತಿವಾರದ ಕುರಿತು, ಕಡಲಿನ ಬಾಗಿಲುಗಳ ಕುರಿತು, ಜನರಿಲ್ಲದ ಮರುಭೂಮಿಯಲ್ಲಿ ಸುರಿಯುವ ಮಳೆಯ ಕುರಿತು, ಕಾಡುಮೇಕೆಯ ಈಲು, ಕಾಡುಕತ್ತೆಯ ಸ್ವಚ್ಛಂದ, ಉಷ್ಟ್ರಪಕ್ಷಿಯ ಮರೆವು, ಗಿಡುಗನ ಹಾರಾಟದ ಕುರಿತು. ಯೋಬನು ಕೇಳಿದ ಪ್ರಶ್ನೆಗೆ, ತನಗೇಕೆ ಈ ದುಃಖವೆಂಬುದಕ್ಕೆ, ಇದರಲ್ಲಿ ಉತ್ತರವೇ ಇಲ್ಲ. ಓದುಗರಿಗೆ ಮೊದಲ ಎರಡು ಅಧ್ಯಾಯಗಳಲ್ಲಿ ತಿಳಿದುಹೋದ ಕಾರಣವು ಅವನಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ಈ ಉತ್ತರವನ್ನು ದರ್ಪವೆಂದು ಓದಿದವರೂ ಇದ್ದಾರೆ, ಮನುಷ್ಯನ ಸುತ್ತಲೇ ಸುತ್ತದ ಲೋಕವೊಂದರ ದರ್ಶನವೆಂದು ಓದಿದವರೂ ಇದ್ದಾರೆ. ಎರಡನೆಯ ಓದು ಪಠ್ಯಕ್ಕೆ ಹೆಚ್ಚು ಹತ್ತಿರವಾಗಿದೆ. ಆದರೆ ಅದಕ್ಕಿಂತಲೂ ಅಚ್ಚರಿಯದು 42ನೆಯ ಅಧ್ಯಾಯದ ತೀರ್ಪು: ದೇವರನ್ನು ಸಮರ್ಥಿಸಿದ ಗೆಳೆಯರು ದೇವರ ಕುರಿತು ಸರಿಯಾಗಿ ಮಾತನಾಡಲಿಲ್ಲ, ದೇವರನ್ನು ಪ್ರಶ್ನಿಸಿದ ಯೋಬನು ಮಾತನಾಡಿದನು, ಆದ್ದರಿಂದ ಯೋಬನು ಅವರಿಗಾಗಿ ಬೇಡಿಕೊಂಡರೆ ಅವರಿಗೆ ಕ್ಷಮೆ. ತನ್ನನ್ನು ನೋಯಿಸಿದವರಿಗಾಗಿ ಯೋಬನು ಪ್ರಾರ್ಥಿಸಿದ ಮೇಲೆ ಅವನ ಸ್ಥಿತಿ ತಿರುಗುತ್ತದೆ.

ಯೆಹೂದ್ಯರ ಗ್ರಂಥಕ್ರಮದಲ್ಲಿ ಯೋಬನಿಗೆ ಆಡಿದ ಈ ಮಾತುಗಳ ನಂತರ ದೇವರು ಮತ್ತೆ ಬಾಯಿ ತೆರೆಯುವುದಿಲ್ಲವೆಂದು ಜ್ಯಾಕ್ ಮೈಲ್ಸ್ 1995ರ ತಮ್ಮ ಕೃತಿಯಲ್ಲಿ ತೋರಿಸಿಕೊಟ್ಟರು. ಆ ಕ್ರಮದಲ್ಲಿ ಅನಂತರ ಬರುವ ಎಸ್ತೇರಳ ಪುಸ್ತಕದ ಹೀಬ್ರೂ ಪಾಠದಲ್ಲಿ ದೇವರ ಹೆಸರೇ ಇಲ್ಲ. ಕ್ರೈಸ್ತರು ಪ್ರವಾದಿಗಳ ಪುಸ್ತಕಗಳನ್ನು ಹಳೆಯ ಒಡಂಬಡಿಕೆಯ ಕೊನೆಗೆ ಇಟ್ಟುಕೊಂಡಿರುವುದರಿಂದ ಈ ಮೌನವು ಅವರ ಬೈಬಲ್ಲಿನಲ್ಲಿ ಅಷ್ಟಾಗಿ ಎದ್ದು ಕಾಣದು. ಆದರೂ ಹೊಸ ಒಡಂಬಡಿಕೆಯಲ್ಲಿ, ಅಂದರೆ ಯೇಸುವಿನ ಜೀವನವನ್ನೂ ಮೊದಲ ಸಭೆಗಳ ಚರಿತ್ರೆಯನ್ನೂ ಹೇಳುವ ಎರಡನೆಯ ಭಾಗದಲ್ಲಿ, ಪರಲೋಕದ ದನಿಯು ಸುವಾರ್ತೆಗಳೊಳಗೆ ಕೇಳಿಬರುವುದು ಮೂರೇ ಸಂದರ್ಭಗಳಲ್ಲಿ. ಯೊರ್ದನ್ ನದಿಯಲ್ಲಿ ಯೇಸುವಿನ ದೀಕ್ಷಾಸ್ನಾನದಲ್ಲಿ ಒಮ್ಮೆ, ಬೆಟ್ಟದ ಮೇಲೆ ಮೂವರು ಶಿಷ್ಯರ ಮುಂದೆ ಅವನ ರೂಪ ಹೊಳೆದಾಗ ಒಮ್ಮೆ, ಯೋಹಾನನ ಸುವಾರ್ತೆಯ ಪ್ರಕಾರ ಯೆರೂಸಲೇಮಿನಲ್ಲಿ ಒಮ್ಮೆ. ಮಾರ್ಕ ಲೂಕರಲ್ಲಿ ಮೊದಲ ದನಿ ಯೇಸುವಿಗೇ ಹೇಳಿದಂತಿದೆ, ಮತ್ತಾಯನಲ್ಲಿ ಸುತ್ತಲಿನವರಿಗೆ ಅವನನ್ನು ತೋರಿಸುವಂತಿದೆ. ಎರಡನೆಯದು ಶಿಷ್ಯರಿಗೆ ಕೊಡುವ ಅಪ್ಪಣೆ ಅವನ ಮಾತನ್ನು ಕೇಳಬೇಕೆಂಬುದೊಂದೇ. ಮೂರನೆಯದನ್ನು ಕೇಳಿದ ಗುಂಪಿನಲ್ಲಿ ಕೆಲವರು ಗುಡುಗೆಂದರು, ಕೆಲವರು ದೇವದೂತನ ಮಾತೆಂದರು. ಗೆತ್ಸೇಮನೆ ತೋಟದಲ್ಲಿ ಯೇಸು ಸಾವಿನ ಪಾತ್ರೆ ತೊಲಗಲೆಂದು ಬೇಡಿದಾಗಲೂ ಶಿಲುಬೆಯ ಮೇಲೆ ಕೂಗಿದಾಗಲೂ ಆ ದನಿಯಿಲ್ಲ. ದೇವರು ಹಿಂದೆ ಪ್ರವಾದಿಗಳ ಮೂಲಕ ನಾನಾ ಬಗೆಯಲ್ಲಿ ಮಾತನಾಡಿ ಈಗ ತನ್ನ ಮಗನ ಮೂಲಕ ಮಾತನಾಡಿದ್ದಾನೆಂದು ಆರಂಭವಾಗುವ ಇಬ್ರಿಯರಿಗೆ ಬರೆದ ಪತ್ರವನ್ನು ಈ ವಿರಳತೆಯ ಹಿನ್ನೆಲೆಯಲ್ಲಿ ಓದಬೇಕು: ಕ್ರೈಸ್ತ ತಿಳುವಳಿಕೆಯಲ್ಲಿ ದೇವರ ಮಾತು ಒಬ್ಬ ಮನುಷ್ಯನ ಬದುಕಾಗಿ, ಸಾವಾಗಿ ನಡೆದುಹೋಗಿದೆ.

ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕವು ಮತ್ತೆ ಎರಡನೆಯ ಮನುಷ್ಯನನ್ನು ಕಥನದ ನಡುವೆ ತರುತ್ತದೆ. ಯೇಸುವಿನ ಶಿಷ್ಯರನ್ನು ಹಿಡಿಯಲು ದಮಸ್ಕದ ದಾರಿ ಹಿಡಿದಿದ್ದ ಸೌಲನಿಗೆ, ಮುಂದೆ ಪೌಲನೆಂದು ಹೆಸರಾದವನಿಗೆ, ಕೇಳಿಬಂದ ಯೇಸುವಿನ ದನಿಯನ್ನು ಆ ಪುಸ್ತಕವು ಮೂರು ಸಲ ವರ್ಣಿಸಿದೆ. 9ನೆಯ ಅಧ್ಯಾಯದಲ್ಲಿ ಜೊತೆಗಾರರು ದನಿ ಕೇಳಿಯೂ ಯಾರನ್ನೂ ಕಾಣಲಿಲ್ಲವೆಂದೂ, 22ರಲ್ಲಿ ಅವರು ಬೆಳಕನ್ನು ಕಂಡರೂ ದನಿಯನ್ನು ಕೇಳಲಿಲ್ಲವೆಂದೂ ಇದೆ. 9ನೆಯ ಅಧ್ಯಾಯದ ಪ್ರಕಾರ ಸೌಲನಿಗೆ ಸಿಕ್ಕ ಆಜ್ಞೆ ಊರಿನೊಳಗೆ ಹೋಗು, ಮುಂದಿನದನ್ನು ಅಲ್ಲಿ ತಿಳಿಸಲಾಗುವುದು ಎಂಬಷ್ಟೇ. ಅವನು ಕುರುಡಾಗಿ ಮೂರು ದಿನ ಅನ್ನನೀರು ಬಿಟ್ಟು ಕಾಯುತ್ತಿರುವಾಗ, ಅದೇ ಊರಿನ ಅನನೀಯನೆಂಬ ಶಿಷ್ಯನಿಗೆ ದರ್ಶನದಲ್ಲಿ ಅವನಿರುವ ಬೀದಿ ಮನೆಗಳ ಗುರುತು ತಿಳಿಯುತ್ತದೆ. ಅನನೀಯನು ಆ ಮನುಷ್ಯನ ಕ್ರೌರ್ಯವನ್ನು ನೆನಪಿಸಿ ಹಿಂಜರಿಯುತ್ತಾನೆ, ಕೊನೆಗೆ ಹೋಗಿ ತನ್ನನ್ನು ಹಿಡಿಯಲೆಂದು ಬಂದವನನ್ನೇ ಸಹೋದರನೆಂದು ಕರೆದು ಕೈಯಿಡುತ್ತಾನೆ. ಮುಂದಿನ ಅಧ್ಯಾಯದಲ್ಲಿ ರೋಮನ್ ಸೈನ್ಯದ ಶತಾಧಿಪತಿ ಕೊರ್ನೇಲ್ಯನಿಗೆ ಯೊಪ್ಪ ಎಂಬ ಊರಿನಿಂದ ಯೇಸುವಿನ ಶಿಷ್ಯನಾದ ಪೇತ್ರನನ್ನು ಕರೆಸಬೇಕೆಂದು ಮಾತ್ರ ತಿಳಿಯುತ್ತದೆ, ಏಕೆಂದು ತಿಳಿಯುವುದಿಲ್ಲ. ಯೊಪ್ಪದಲ್ಲಿ ಪೇತ್ರನಿಗೆ ಶುದ್ಧಾಶುದ್ಧ ಪ್ರಾಣಿಗಳ ಕುರಿತ ದನಿ ಮೂರು ಸಲ ಕೇಳಿಸುತ್ತದೆ, ಅರ್ಥವಾಗುವುದಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಎದುರುಬದುರಾದಾಗ, ಅದೂ ಯೆಹೂದ್ಯನು ಕಾಲಿಡಬಾರದೆಂದು ಭಾವಿಸಿದ್ದ ಅನ್ಯಜಾತಿಯವನ ಮನೆಯಲ್ಲಿ, ಎರಡು ಅರೆನುಡಿಗಳು ಸೇರಿ ಒಂದು ಮಾತಾಗುತ್ತವೆ.

ಈ ಎರಡನೆಯ ಮನುಷ್ಯನನ್ನು ದೂರವಿಟ್ಟಾಗ ನಡೆದ ಅನಾಹುತಗಳನ್ನು ಚರಿತ್ರೆಯು ಮರೆತಿಲ್ಲ. 1534ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ನಗರವನ್ನು ತಮ್ಮದಾಗಿಸಿಕೊಂಡ ಯಾನ್ ಮಾಟಿಸ್ ಮತ್ತು ಅವನ ನಂತರ ಅರಸನೆನಿಸಿಕೊಂಡ ಲೈಡನ್ನಿನ ಯಾನ್ ದೇವರ ನೇರ ಅಪ್ಪಣೆಯ ಹೆಸರಿನಲ್ಲಿ ಎದುರಾಡಿದವರನ್ನು ಕೊಲ್ಲಿಸಿದರು, ಬಹುಪತ್ನೀತ್ವವನ್ನು ಹೇರಿದರು, ಮುತ್ತಿಗೆಯಲ್ಲಿ ಊರನ್ನು ಹಸಿವಿಗೆ ನೂಕಿದರು. 1535ರ ಜೂನಿನಲ್ಲಿ ಆ ಆಳ್ವಿಕೆಯು ರಕ್ತಪಾತದಲ್ಲಿ ಮುಗಿಯಿತು. ಪರೀಕ್ಷಿಸುವವರ ಕೈಯಲ್ಲೂ ಅಧಿಕಾರವಿರುತ್ತದೆ, ಅದೂ ಕೊಲ್ಲುತ್ತದೆ: ದನಿಗಳನ್ನು ಕೇಳಿದೆನೆಂದ ಜೋನ್ ಆಫ್ ಆರ್ಕಳನ್ನು 1431ರಲ್ಲಿ ಚರ್ಚಿನ ನ್ಯಾಯಸ್ಥಾನವೇ ಅಪರಾಧಿಯೆಂದು ತೀರ್ಮಾನಿಸಿತು, ಅವಳನ್ನು ಸುಡಲಾಯಿತು, 1456ರಲ್ಲಿ ಆ ತೀರ್ಪನ್ನು ರದ್ದುಪಡಿಸಲಾಯಿತು, 1920ರಲ್ಲಿ ಅವಳನ್ನು ಸಂತಳೆಂದು ಘೋಷಿಸಲಾಯಿತು. ಎರಡನೆಯ ಮನುಷ್ಯನು ಬೇಕೆನ್ನುವಾಗ ಅವನು ಏಲಿಯಂತೆ ತನ್ನ ವಿರುದ್ಧದ ಮಾತನ್ನೂ ಕೇಳಬಲ್ಲವನಾಗಿರಬೇಕೆಂಬ ಷರತ್ತು ಜೊತೆಗೇ ಇದೆ. ಅದನ್ನು ಪೂರೈಸಿದ ನ್ಯಾಯಸ್ಥಾನಗಳು ಕಡಮೆ.

ಈ ವಿಷಯದಲ್ಲಿ ಅತ್ಯಂತ ವಿವೇಕದ ಮಾತುಗಳನ್ನು ಆಡಿದವರು, ತಾವೇ ಅಂಥ ಅನುಭವಗಳನ್ನು ಹತ್ತಿರದಿಂದ ಬಲ್ಲ ಸ್ಪೇನಿನ ಇಬ್ಬರು ಕರ್ಮೆಲ್ ಸಭೆಯ ಸನ್ಯಾಸಿಗಳು. ಆವಿಲಾದ ತೆರೇಸಳು 1577ರಲ್ಲಿ ಬರೆದ ಒಳಕೋಟೆಯ ಕುರಿತ ಗ್ರಂಥದಲ್ಲಿ, ಅಂತರಂಗದಲ್ಲಿ ಕೇಳಿಬರುವ ನುಡಿಯು ದೇವರದಾದರೆ ಅದು ಹೇಳಿದ್ದನ್ನು ಉಂಟುಮಾಡುತ್ತದೆ, ಮನಸ್ಸಿಗೆ ಶಾಂತಿಯನ್ನು ತರುತ್ತದೆ, ನೆನಪಿನಿಂದ ಬೇಗನೆ ಅಳಿಯುವುದಿಲ್ಲ ಎಂದು ಗುರುತುಗಳನ್ನು ಹೇಳಿ, ಅದು ಬೇರೊಬ್ಬರಿಗೆ ಸಂಬಂಧಿಸಿದ ಮಹತ್ವದ ಕೆಲಸವನ್ನು ಅಪ್ಪಣೆ ಮಾಡಿದರೆ ವಿದ್ವಾಂಸನೂ ಸಜ್ಜನನೂ ಆದ ಗುರುವಿನ ಒಪ್ಪಿಗೆಯಿಲ್ಲದೆ ಹೆಜ್ಜೆಯಿಡಬಾರದೆಂದು ಎಚ್ಚರಿಸಿದಳು. ಅವಳ ಸಹವರ್ತಿಯಾದ ಶಿಲುಬೆಯ ಯೋಹಾನನು ಇನ್ನೂ ಬಿಗಿಯಾದ ನಿಲುವು ತಳೆದನು. ಕರ್ಮೆಲ್ ಬೆಟ್ಟವನ್ನು ಏರುವ ಕುರಿತ ಅವನ ಗ್ರಂಥದ ಎರಡನೆಯ ಭಾಗದ 22ನೆಯ ಅಧ್ಯಾಯದಲ್ಲಿ, ದೇವರು ತನ್ನ ಮಗನಲ್ಲಿ ಹೇಳಬೇಕಾದುದೆಲ್ಲವನ್ನೂ ಹೇಳಿ ಮುಗಿಸಿರುವಾಗ ಇನ್ನೊಂದು ದನಿಗಾಗಿ ಬೇಡುವುದು ಆ ಮಗನನ್ನು ಸಾಲದೆಂದಂತೆ ಎಂದು ಅವನು ವಾದಿಸುತ್ತಾನೆ, ಮತ್ತು ಮನುಷ್ಯನು ಮನುಷ್ಯನ ಮೂಲಕವೇ ನಡೆಸಲ್ಪಡಬೇಕೆಂಬುದು ದೇವರಿಗೆ ಬಹು ಮೆಚ್ಚಿನದೆಂದು ಹೇಳಿ ಗ್ರಂಥದಿಂದಲೇ ಉದಾಹರಣೆಗಳನ್ನು ಕೊಡುತ್ತಾನೆ. ಅವುಗಳಲ್ಲಿ ಅತಿ ಬೆಲೆಯುಳ್ಳದ್ದು ವಿಮೋಚನಕಾಂಡದ 18ನೆಯ ಅಧ್ಯಾಯದ್ದು. ಮೋಶೆಯು ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದಾಗ, ಮಿದ್ಯಾನಿನ ಯಾಜಕನೂ ಅವನ ಮಾವನೂ ಆದ ಇತ್ರೋವನು ಅದನ್ನು ಕಂಡು, ಹೀಗಾದರೆ ನೀನೂ ಬಳಲುವೆ, ಜನರೂ ಬಳಲುವರು ಎಂದು ಹೇಳಿ, ಸಾವಿರ, ನೂರು, ಐವತ್ತು, ಹತ್ತು ಮಂದಿಯ ಮೇಲೆ ಸಮರ್ಥರನ್ನೂ ಲಂಚ ಮುಟ್ಟದವರನ್ನೂ ನೇಮಿಸಲು ಸಲಹೆ ಕೊಡುತ್ತಾನೆ. ಯಾವ ಪ್ರವಾದಿಗೂ ಇಲ್ಲದ ಸಲುಗೆಯಿಂದ ಮೋಶೆಯೊಡನೆ ಮಾತನಾಡುತ್ತಿದ್ದ ದೇವರು ಈ ಒಂದು ಉಪಯುಕ್ತ ಮಾತನ್ನು ತಾನು ಹೇಳಲಿಲ್ಲ, ಏಕೆಂದರೆ ಅದನ್ನು ಹೇಳಬಲ್ಲ ಮನುಷ್ಯನೊಬ್ಬನು ಹತ್ತಿರವಿದ್ದನು ಎಂಬುದು ಯೋಹಾನನ ವಿವರಣೆ. ಇತ್ರೋವನು ಇಸ್ರಾಯೇಲ್ಯನಲ್ಲ, ಬೇರೆ ನಾಡಿನ ಯಾಜಕ. ಸಲಹೆ ಕೊಡುವಾಗಲೂ ದೇವರು ಒಪ್ಪಿದರೆ ಎಂದು ಸೇರಿಸುವಷ್ಟು ವಿನಯವುಳ್ಳವನು. ಗ್ರಂಥದ ಕ್ರಮದಲ್ಲಿ ಈ ಅಧ್ಯಾಯವು ಸೀನಾಯಿಯ ಗುಡುಗು ಮಿಂಚುಗಳ ಅಧ್ಯಾಯಕ್ಕೆ ಮುಂಚೆ ಬರುತ್ತದೆ, ಮತ್ತು ಮೋಶೆಯು ಮಾವ ಹೇಳಿದ್ದನ್ನೆಲ್ಲ ನಡೆಸಿ ಅವನನ್ನು ಅವನ ನಾಡಿಗೆ ಕಳುಹಿಸಿಕೊಟ್ಟನೆಂದು ಅಲ್ಲಿ ದಾಖಲಾಗಿದೆ.